ಕಾಣದಿರುವಿಕೆಯೂ ಇಲ್ಲದಿರುವಿಕೆಯೂ
(ಅಮೆರಿಕದ ಕೃಷ್ಣವರ್ಣೀಯರ ರಾಜಕೀಯಾಭಿಪ್ರಾಯಗಳನ್ನು ಕುರಿತ ಸಂಶೋಧನ ಗ್ರಂಥಗಳ ವಿಮರ್ಶೆ)

೧. ವಿಷಯೋಪನ್ಯಾಸ

ಒಂದು ಜನಾಂಗದ ಮನಸ್ಸಿನಲ್ಲಿ ಏನಿದೆಯೆಂಬುದನ್ನು ತಿಳಿಯಹೊರಟ ಸಂಶೋಧಕನಿಗೆ ಮೊಟ್ಟಮೊದಲು ಎದುರಾಗುವ ಕಷ್ಟವು ಪ್ರಮಾಣಸಂಬಂಧವಾದುದು. ಪರರ ಅಭಿಪ್ರಾಯವು ಪ್ರತ್ಯಕ್ಷಕ್ಕೆ ಗೋಚರವಾಗತಕ್ಕ ವಸ್ತುವಲ್ಲ. ಅವರ ನಡತೆಯನ್ನು ನೋಡಿ ಅದನ್ನು ಅನುಮಾನಿಸಬೇಕು. ಇಲ್ಲವೆ ಅವರ ಮಾತನ್ನು ಕೇಳಿ ತಿಳಿಯಬೇಕು. ಆದರೆ ನಡೆಯಲು ಅವಕಾಶವೇ ಇಲ್ಲದವರ ನಡತೆಯಿಂದ ಏನನ್ನು ಅನುಮಾನಿಸುವುದು? ನುಡಿಯಲು ಭಯಪಡುವವರ ಮಾತಿನಿಂದ ಏನನ್ನು ನಿರ್ಣಯಿಸುವುದು? ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿರುವ ಕೃಷ್ಣವರ್ಣೀಯರ ರಾಜಕೀಯಾಭಿಪ್ರಾಯಗಳನ್ನೂ ರಾಜ್ಯವ್ಯವಹಾರದಲ್ಲಿ ಅವರು ವಹಿಸಿರುವ ಪಾತ್ರವನ್ನೂ ಕುರಿತು ಸುಮಾರು 125 ವರ್ಷಗಳಿಂದ ಬೆಳೆದುಬಂದಿರುವ ಗ್ರಂಥಸಮೂಹವು ಈ ಎರಡು ಪ್ರಶ್ನೆಗಳನ್ನೂ ಎದುರಿಸಬೇಕಾಯಿತು. ಈ ಗ್ರಂಥಗಳ ಕರ್ತೃಗಳಲ್ಲಿ ಹಲವರು ಅದೇ ಜನಾಂಗಕ್ಕೆ ಸೇರಿದವರು. ಡಾಕ್ಟರೇಟ್ ಪದವಿಗಾಗಿ ವ್ಯಾಸಂಗಮಾಡಿದ ವಿಶ್ವವಿದ್ಯಾಲಯಗಳಲ್ಲಿ ಗುರುಗಳಿಂದ ಕಲಿತ ಅಳತೆಗೋಲು ತಮ್ಮ ಜನರನ್ನು ಅಳೆಯಲು ಸಾಲದೆಂಬುದನ್ನು ಕೆಲಸಮಾಡುತ್ತ ಕಂಡುಕೊಂಡವರು. ಆ ಕಾಣ್ಕೆಯು ಯಾವ ಯಾವ ಗ್ರಂಥದಲ್ಲಿ ಎಷ್ಟರಮಟ್ಟಿಗೆ ಸಿದ್ಧಿಸಿದೆಯೆಂಬುದೇ ಇಲ್ಲಿ ವಿಚಾರಣೀಯವಾದ ವಿಷಯ.

ದಕ್ಷಿಣ ಸಂಸ್ಥಾನಗಳಲ್ಲಿ ಬಹುಕಾಲ ಪ್ರಚಾರದಲ್ಲಿದ್ದ ಪೂರ್ವಪಕ್ಷವೊಂದುಂಟು. ಅದೆಂತೆಂದರೆ: ಕೃಷ್ಣವರ್ಣೀಯರು ಮತಕೊಡಲು ಬರುವುದಿಲ್ಲ, ಬರದಿರುವುದರಿಂದ ಅವರಿಗೆ ರಾಜ್ಯವ್ಯವಹಾರದಲ್ಲಿ ಆಸಕ್ತಿಯಿಲ್ಲ, ಆಸಕ್ತಿಯಿಲ್ಲದವರಿಗೆ ಮತಾಧಿಕಾರವಿಲ್ಲದಿದ್ದರೆ ನಷ್ಟವೇನೂ ಇಲ್ಲ. ಈ ವಾದವು ಸಭೆಗಳಲ್ಲಿ ರಾಜಕಾರಣಿಗಳ ಬಾಯಿಂದ ಹೊರಟಷ್ಟಕ್ಕೇ ನಿಂತಿದ್ದರೆ ಅದನ್ನು ಉಪೇಕ್ಷಿಸಬಹುದಾಗಿತ್ತು. ಆದರೆ 'ಔದಾಸೀನ್ಯ' ಎಂಬ ಹೆಸರನ್ನು ಪಡೆದು ಅದು ವಿದ್ವಾಂಸರ ಗ್ರಂಥಗಳನ್ನೂ ಪ್ರವೇಶಿಸಿತು. ಆದುದರಿಂದ ಅದನ್ನು ಶಾಸ್ತ್ರರೀತಿಯಿಂದ ಪರೀಕ್ಷಿಸುವುದು ಯುಕ್ತ.

೨. ಅನುಪಲಬ್ಧಿವಿಚಾರ

ಅಭಾವವನ್ನು ತಿಳಿಯುವ ಬಗೆಯನ್ನು ಭಾಟ್ಟಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿಯೆಂಬ ಬೇರೊಂದು ಪ್ರಮಾಣವಾಗಿ ಎಣಿಸಿದ್ದಾರೆ. ನೆಲದ ಮೇಲೆ ಗಡಿಗೆಯು ಕಾಣಲಿಲ್ಲವಾದುದರಿಂದ ಅಲ್ಲಿ ಗಡಿಗೆಯಿಲ್ಲವೆಂದು ತಿಳಿಯುತ್ತದೆ. ಆದರೆ ಈ ಪ್ರಮಾಣಕ್ಕೆ ಶಾಸ್ತ್ರಕಾರರು ಒಂದು ಕಟ್ಟುಪಾಡನ್ನು ವಿಧಿಸಿರುವರು. ಕಾಣದಿರುವಿಕೆಯು ಯೋಗ್ಯವಾದುದಾಗಿರಬೇಕು, ಎಂದರೆ, ಆ ವಸ್ತುವು ಅಲ್ಲಿ ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎಂಬ ಸ್ಥಿತಿಯಿರಬೇಕು. ಕತ್ತಲೆಯ ಕೋಣೆಯಲ್ಲಿ ಗಡಿಗೆ ಕಾಣಲಿಲ್ಲವೆಂದು ಗಡಿಗೆಯಿಲ್ಲವೆನ್ನುವವನು ಪ್ರಮಾಣವನ್ನು ಉಪಯೋಗಿಸಿದವನಲ್ಲ, ಅದನ್ನು ಕೆಡಿಸಿದವನು. ಮೇಲ್ಕಂಡ ಪೂರ್ವಪಕ್ಷದ ದೋಷವು ಇದೇ ಆಗಿದೆ. ಮತದ ಪೆಟ್ಟಿಗೆಯಲ್ಲಿ ಕಾಣದ ಆಸಕ್ತಿಯು ಇಲ್ಲವೇ ಇಲ್ಲವೆನ್ನಬೇಕಾದರೆ, ಇದ್ದಿದ್ದರೆ ಅದು ಆ ಪೆಟ್ಟಿಗೆಯಲ್ಲಿ ಕಾಣಿಸಿಕೊಳ್ಳುತ್ತಿತ್ತೇ ಎಂಬುದನ್ನು ಮೊದಲು ಸ್ಥಾಪಿಸಬೇಕು.

ಚರಿತ್ರೆಯನ್ನು ನೋಡಿದರೆ ಕೋಣೆಯು ಕತ್ತಲೆಯಾಗಿತ್ತೆಂಬುದು ಮಾತ್ರವಲ್ಲ, ದೀಪವನ್ನು ಬುದ್ಧಿಪೂರ್ವಕವಾಗಿ ಆರಿಸಿದ್ದರೆಂಬುದೂ ತಿಳಿಯುತ್ತದೆ. ವರ್ಣದ ಕಾರಣದಿಂದ ಮತಾಧಿಕಾರವನ್ನು ತಪ್ಪಿಸಕೂಡದೆಂಬ ಹದಿನೈದನೆಯ ರಾಜ್ಯಾಂಗತಿದ್ದುಪಡಿಯು 1870ರಲ್ಲಿ ಜಾರಿಗೆ ಬಂದಿತು. ಆದರೆ 1890ರಲ್ಲಿ ಮಿಸಿಸಿಪಿ ಸಂಸ್ಥಾನವು ತಲೆಗಂದಾಯವನ್ನೂ ಅಕ್ಷರಪರೀಕ್ಷೆಯನ್ನೂ ತನ್ನ ಹೊಸ ರಾಜ್ಯಾಂಗದಲ್ಲಿ ಸೇರಿಸಿ ದಾರಿತೋರಿಸಿತು. ಉಳಿದ ದಕ್ಷಿಣ ಸಂಸ್ಥಾನಗಳು ಅದನ್ನು ಅನುಸರಿಸಿದುವು. ಲೂಯಿಸಿಯಾನದಲ್ಲಿ 1896ರಲ್ಲಿ ಪಟ್ಟಿಯಲ್ಲಿದ್ದ ಕೃಷ್ಣವರ್ಣೀಯ ಮತದಾರರು 1,30,334 ಮಂದಿ. 1898ರ ಹೊಸ ರಾಜ್ಯಾಂಗವು ಬಂದಮೇಲೆ, 1904ರ ವೇಳೆಗೆ, ಉಳಿದವರು 1,342 ಮಂದಿ. ಎಂಟು ವರ್ಷಗಳಲ್ಲಿ ಲಕ್ಷಕ್ಕೂ ಮಿಕ್ಕ ಜನರ ಮನಸ್ಸಿನಿಂದ ಆಸಕ್ತಿಯು ಒಮ್ಮೆಲೆ ಬತ್ತಿಹೋಯಿತೆಂದು ಹೇಳುವ ಧೈರ್ಯವು ಯಾವ ವಿದ್ವಾಂಸನಿಗೂ ಇರಲಾರದು. ಬದಲಾದುದು ಕಾನೂನು. ಆದಾಗ್ಯೂ ಮುಂದಿನ ಅರ್ಧಶತಮಾನದಲ್ಲಿ ಆ ಬರಿದಾದ ಪಟ್ಟಿಯನ್ನೇ ಮುಂದಿಟ್ಟುಕೊಂಡು ಔದಾಸೀನ್ಯವನ್ನು ಸಾಧಿಸಿದವರಿದ್ದರು.

೩. ಡು ಬಾಯ್ಸ್ ಮತ್ತು ಬಂಚ್

ಈ ಕ್ಷೇತ್ರದ ಮೊದಲನೆಯ ಮಹಾಗ್ರಂಥವು ಡಬ್ಲ್ಯು. ಇ. ಬಿ. ಡು ಬಾಯ್ಸ್ ಅವರ 'ದಿ ಫಿಲಡೆಲ್ಫಿಯ ನೀಗ್ರೋ' (1899). ಗ್ರಂಥಕರ್ತರು 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಡಾಕ್ಟರೇಟನ್ನು ಪಡೆದರು. ಅವರ ಜನಾಂಗದಲ್ಲಿ ಅಲ್ಲಿ ಆ ಪದವಿಯನ್ನು ಪಡೆದವರಲ್ಲಿ ಅವರೇ ಮೊದಲಿಗರು. 1896ರಲ್ಲಿ ಫಿಲಡೆಲ್ಫಿಯ ನಗರದ ಏಳನೆಯ ವಾರ್ಡಿನಲ್ಲಿ ಸಂಸಾರಸಮೇತರಾಗಿ ವಾಸಮಾಡಿ, ಮನೆಯಿಂದ ಮನೆಗೆ ಹೋಗಿ ವಿಚಾರಿಸಿ, ಈ ಗ್ರಂಥಕ್ಕೆ ಬೇಕಾದ ವಿಷಯವನ್ನು ಕೂಡಿಸಿದರು. ಇದರಲ್ಲಿ ಮತಾಧಿಕಾರಕ್ಕೆಂದೇ ಒಂದು ಅಧ್ಯಾಯವುಂಟು. ಮತಗಳು ಮಾರಾಟವಾಗುತ್ತಿದ್ದುದನ್ನಾಗಲಿ ರಾಜಕೀಯ ಕ್ಲಬ್ಬುಗಳ ಅನಾಚಾರವನ್ನಾಗಲಿ ಗ್ರಂಥಕರ್ತರು ಮರೆಮಾಡಿಲ್ಲ. ಆದರೆ ಅಷ್ಟಕ್ಕೇ ನಿಲ್ಲದೆ ಅದರ ಕಾರಣವನ್ನು ಅರಸಿರುವರು. ಪಕ್ಷದ ಮುಖಂಡರು ಈ ಜನರಿಗೆ ಅಲ್ಪಸ್ವಲ್ಪ ಉದ್ಯೋಗಗಳನ್ನಾದರೂ ಕೊಡುತ್ತಿದ್ದರು. ನಗರವನ್ನು ಸುಧಾರಿಸುವೆವೆಂದು ಹೊರಟ ಸಜ್ಜನರು ಮತವನ್ನು ಕೇಳುತ್ತಿದ್ದರೇ ಹೊರತು ಜೀವನೋಪಾಯಕ್ಕೆ ದಾರಿಮಾಡಲಿಲ್ಲ. ಹೀಗಿರಲು ಹೊರಗಿನವರಿಗೆ ಅವಿವೇಕವಾಗಿ ಕಂಡ ಮತದಾನವು ಒಳಗಿನಿಂದ ನೋಡಿದರೆ ಲೆಕ್ಕಾಚಾರದಿಂದ ಕೂಡಿದುದಾಗಿತ್ತು. ಬಡವರ ಶೀಲವನ್ನು ಕುರಿತು ಬರೆಯುವಾಗ ಗ್ರಂಥಕರ್ತರ ನೀತಿಬೋಧೆಯು ಅಲ್ಲಲ್ಲಿ ಅತಿಕಠಿನವಾಗಿ ಒಂದು ವಿಧವಾದ ತಾತ್ಸಾರಕ್ಕೂ ಎಡೆಗೊಟ್ಟಿದೆಯೆಂಬುದನ್ನು ಒಪ್ಪಬೇಕು. ಆದರೂ ನಡತೆಯನ್ನು ಅದರ ಸನ್ನಿವೇಶದೊಡನೆ ಓದಬೇಕೆಂಬ ಮಾರ್ಗವು ಇಲ್ಲಿಂದ ಮೊದಲಾಯಿತು.

ಆ ಮಾರ್ಗದಲ್ಲಿ ನಡೆದ ಎರಡನೆಯವರು ರಾಲ್ಫ್ ಬಂಚ್. 1934ರಲ್ಲಿ ಹಾರ್ವರ್ಡಿನಿಂದ ಡಾಕ್ಟರೇಟನ್ನು ಪಡೆದ ಇವರು ರಾಜ್ಯಶಾಸ್ತ್ರದಲ್ಲಿ ಅಮೆರಿಕದ ವಿಶ್ವವಿದ್ಯಾಲಯವೊಂದರಿಂದ ಆ ಪದವಿಯನ್ನು ಪಡೆದ ಮೊದಲನೆಯ ಕೃಷ್ಣವರ್ಣೀಯರು. 1950ರಲ್ಲಿ ನೊಬೆಲ್ ಶಾಂತಿಪಾರಿತೋಷಕವು ದೊರೆತುದರಿಂದ ಲೋಕವು ಇವರನ್ನು ಸಂಧಿಕರ್ತರೆಂದೇ ಬಲ್ಲದು. ಸಂಶೋಧಕರಾಗಿ ಇವರು ಮಾಡಿದ ಕೆಲಸವು ಅಷ್ಟು ಪ್ರಸಿದ್ಧವಲ್ಲ. ಗುನ್ನಾರ್ ಮಿರ್ಡಾಲ್ ಅವರ 'ಆನ್ ಅಮೆರಿಕನ್ ಡಿಲೆಮ' (1944) ಎಂಬ ಬೃಹದ್ಗ್ರಂಥಕ್ಕೆ ಸಾಮಗ್ರಿಯಾಗಿ ಬಂಚ್ ಅವರು 1940ರಲ್ಲಿ ತಮ್ಮ ಜನಾಂಗದ ರಾಜಕೀಯ ಸ್ಥಿತಿಯನ್ನು ಕುರಿತು ದೀರ್ಘವಾದ ವರದಿಯನ್ನು ಒಪ್ಪಿಸಿದರು. ಅದು ಸ್ವತಂತ್ರಗ್ರಂಥವಾಗಿ ಅಚ್ಚಾದುದು 1973ರಲ್ಲಿ, ಎಂದರೆ ಅವರು ಕಾಲವಾಗಿ ಎರಡು ವರ್ಷಗಳಾದಮೇಲೆ.

ಕೃತಿಯ ಕಟ್ಟಡದಲ್ಲಿ ಶೈಥಿಲ್ಯವಿದೆ, ಪುನರುಕ್ತಿಯೂ ಸಾಕಷ್ಟಿದೆ. ಆದರೆ ಅದರ ಬೆಲೆಯಿರುವುದು ಕಟ್ಟಡದಲ್ಲಲ್ಲ, ಸಾಕ್ಷ್ಯದಲ್ಲಿ. ಬಂಚ್ ಅವರೂ ಅವರ ಸಹಾಯಕರೂ ದಕ್ಷಿಣದ ಜಿಲ್ಲೆಗಳಲ್ಲಿ ಸಂಚರಿಸಿ, ಮತ ಕೊಡಲು ಯತ್ನಿಸಿದವರನ್ನೂ, ಅವರನ್ನು ಹಿಂದಕ್ಕೆ ಕಳುಹಿಸಿದ ಪಟ್ಟಿಯ ಅಧಿಕಾರಿಗಳನ್ನೂ ಮಾತನಾಡಿಸಿದರು. ಬಾಗಿಲಿನಿಂದ ಹೊರಗುಳಿದವನನ್ನು ಕೇಳುವುದರ ಜೊತೆಗೆ ಬಾಗಿಲು ಕಾಯುವವನನ್ನೂ ಕೇಳಬೇಕೆಂಬುದು ಆ ಕಾಲಕ್ಕೆ ಹೊಸ ವಿವೇಕ. ಇಷ್ಟೇ ಅಲ್ಲದೆ, ಪ್ರಕೃತ ವಿಷಯಕ್ಕೆ ಅತ್ಯಂತ ಉಪಯುಕ್ತವಾದ ಒಂದು ಸಂಗತಿಯನ್ನು ಈ ಗ್ರಂಥವು ಎತ್ತಿಹಿಡಿದಿದೆ. ಹತ್ತಿಯ ಬೆಳೆಯ ಮಿತಿಯನ್ನು ಗೊತ್ತುಮಾಡುವುದಕ್ಕಾಗಿ ಕೇಂದ್ರಸರ್ಕಾರದ ಕೃಷಿಯೋಜನೆಯ ಆಶ್ರಯದಲ್ಲಿ ರೈತರ ಮತಗಳನ್ನು ಕೇಳುತ್ತಿದ್ದರು. ಅಲ್ಲಿ ವರ್ಣಭೇದವಿರಲಿಲ್ಲ, ಗೇಣಿದಾರನಿಗೂ ಪಾಲುಗಾರನಿಗೂ ಮತವಿತ್ತು. ಶಾಸನಸಭೆಯ ಚುನಾವಣೆಗೆ ಹೆಜ್ಜೆಯಿಡಲಾಗದ ಅದೇ ಜಿಲ್ಲೆಗಳಲ್ಲಿ ಅದೇ ಜನರು ಈ ಮತದಾನಕ್ಕೆ ಬಂದರು. ಒಂದೇ ಊರಿನಲ್ಲಿ ಒಂದು ಪೆಟ್ಟಿಗೆ ಖಾಲಿ, ಇನ್ನೊಂದು ಪೆಟ್ಟಿಗೆ ಖಾಲಿಯಲ್ಲ. ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತವನ್ನು ತಾರ್ಕಿಕನೂ ಕಲ್ಪಿಸಲಾರನು. ವರ್ಗಹೋರಾಟದ ಮುಂದೆ ಮತಾಧಿಕಾರದ ಪ್ರಯೋಜನವು ಅಲ್ಪವೆಂದು ಆ ದಿನಗಳಲ್ಲಿ ಶಂಕಿಸುತ್ತಿದ್ದ ಬಂಚ್ ಅವರೇ ಈ ಸಾಕ್ಷ್ಯವನ್ನು ಜೋಪಾನವಾಗಿ ದಾಖಲೆಮಾಡಿರುವುದು ಅವರ ಪ್ರಾಮಾಣಿಕತೆಗೆ ಗುರುತು.

೪. ದೀಪವನ್ನು ಹೊತ್ತಿಸಿದಾಗ

ಬಂಚ್ ಅವರು ಕಂಡ ದೃಷ್ಟಾಂತವು ಎರಡು ದಶಕಗಳ ತರುವಾಯ ದೊಡ್ಡ ಪ್ರಮಾಣದಲ್ಲಿ ಮರುಕಳಿಸಿತು. 1963ರ ನವೆಂಬರಿನಲ್ಲಿ ಮಿಸಿಸಿಪಿಯ ನಾಗರಿಕಹಕ್ಕುಗಳ ಸಂಘಟನೆಗಳು ಸೇರಿ ಒಂದು ಅಣಕುಚುನಾವಣೆಯನ್ನು ನಡಸಿದುವು. ಚರ್ಚುಗಳಲ್ಲಿಯೂ ಅಂಗಡಿಗಳಲ್ಲಿಯೂ ಪೆಟ್ಟಿಗೆಗಳನ್ನಿಟ್ಟು, ಕಾನೂನಿನ ಬಲವಿಲ್ಲದ ಮತಗಳನ್ನು ಸ್ವೀಕರಿಸಿದರು. ಸುಮಾರು 80 ಸಾವಿರ ಮಂದಿ ಬಂದು ಮತಕೊಟ್ಟರು. ಆ ಮತಗಳಿಂದ ಯಾವ ಅಧಿಕಾರಿಯೂ ಆಯ್ಕೆಯಾಗುವಂತಿರಲಿಲ್ಲ; ಬಂದವರಿಗೆ ಕೆಲಸಹೋಗುವ, ಪೆಟ್ಟುಬೀಳುವ ಭಯವು ಮಾತ್ರ ನಿಜವಾಗಿತ್ತು. ಆದರೂ ಬಂದರು. 1965ರ ಮತಾಧಿಕಾರ ಶಾಸನವು ಜಾರಿಗೆ ಬರುವ ಮುಂಚೆ ಆ ಸಂಸ್ಥಾನದ ಪಟ್ಟಿಯಲ್ಲಿದ್ದ ಕೃಷ್ಣವರ್ಣೀಯರು ಅರ್ಹರಲ್ಲಿ ನೂರಕ್ಕೆ 6.7 ಮಂದಿ, 1967ರ ವೇಳೆಗೆ 59.8 ಮಂದಿ. ಲೂಯಿಸಿಯಾನದಲ್ಲಿ ದೀಪವಾರಿದಾಗ ಏನಾಯಿತೋ ಅದರ ವಿಪರ್ಯಯವು ಮಿಸಿಸಿಪಿಯಲ್ಲಿ ದೀಪವು ಹೊತ್ತಿದಾಗ ಆಯಿತು. ಅನ್ವಯ ವ್ಯತಿರೇಕಗಳೆರಡೂ ಕೂಡಿಬಂದಮೇಲೆ ಪೂರ್ವಪಕ್ಷವು ನಿಲ್ಲಲಾರದು.

ಆದರೆ ಪೂರ್ವಪಕ್ಷವು ಬಿದ್ದುಹೋದರೂ ಅದರ ರೂಢಿಯು ಶಾಸ್ತ್ರದಲ್ಲಿ ಉಳಿದಿತ್ತು. ಪ್ರತಿಯೊಬ್ಬನ ಶಿಕ್ಷಣ, ವರಮಾನ, ಮನೋಭಾವಗಳನ್ನು ಪ್ರಶ್ನಾವಳಿಯಿಂದ ಅಳೆದು ಅವುಗಳಿಂದಲೇ ಅವನ ರಾಜಕೀಯ ನಡತೆಯನ್ನು ವಿವರಿಸುವ ಪದ್ಧತಿಯು ಎರಡನೆಯ ಮಹಾಯುದ್ಧದ ತರುವಾಯ ಪ್ರಬಲವಾಯಿತು. ಈ ಪದ್ಧತಿಯಲ್ಲಿಯೇ ಬರೆದ ಮ್ಯಾಥ್ಯೂಸ್ ಮತ್ತು ಪ್ರೋಥ್ರೋ ಅವರ 1966ರ ಗ್ರಂಥವು ದಕ್ಷಿಣದ ಸಮಾಜಸ್ಥಿತಿಯನ್ನೂ ಗಣನೆಗೆ ತಂದುಕೊಂಡ ಗೌರವಾರ್ಹವಾದ ಪ್ರಯತ್ನ. ಪದ್ಧತಿಯ ಮೂಲಕ್ಕೇ ಕೈಹಾಕಿದವರು ಹೇನ್ಸ್ ವಾಲ್ಟನ್ (1941–2013). ಇವರು ಹೊವರ್ಡ್ ವಿಶ್ವವಿದ್ಯಾಲಯವು ರಾಜ್ಯಶಾಸ್ತ್ರದಲ್ಲಿ ಕೊಟ್ಟ ಮೊದಲನೆಯ ಡಾಕ್ಟರೇಟನ್ನು 1967ರಲ್ಲಿ ಪಡೆದವರು. ಇವರ 'ಇನ್‌ವಿಸಿಬಲ್ ಪಾಲಿಟಿಕ್ಸ್' (1985) ಎಂಬ ಗ್ರಂಥದ ಹೆಸರೇ 'ಅದೃಶ್ಯ ರಾಜಕಾರಣ' ಎಂಬರ್ಥವನ್ನು ಕೊಡುತ್ತದೆ. ವ್ಯಕ್ತಿಯ ಮನಸ್ಸನ್ನೇ ಕಾರಣವೆಂದು ಭಾವಿಸಿ, ಆ ವ್ಯಕ್ತಿಯು ಬಾಳುವ ಸಂಸ್ಥಾನ, ಪಕ್ಷ, ಕಾನೂನುಗಳನ್ನು ಬದಿಗಿಟ್ಟರೆ, ವ್ಯವಸ್ಥೆಯ ದೋಷವೆಲ್ಲವೂ ಜನರ ಸ್ವಭಾವದೋಷವಾಗಿ ತೋರುತ್ತದೆಂಬುದು ಇವರ ಮುಖ್ಯವಾದ ವಾದ. ಖಂಡನಭಾಗದಲ್ಲಿ ಗ್ರಂಥವು ಬಲವಾಗಿದೆ. ಮಂಡನಭಾಗವು ಅಷ್ಟು ಪುಷ್ಟವಲ್ಲ. ಸನ್ನಿವೇಶವು ಮುಖ್ಯವೆಂದು ಹೇಳಿದಮೇಲೆ, ಒಂದೇ ಸನ್ನಿವೇಶದಲ್ಲಿರುವ ಇಬ್ಬರು ಬೇರೆಬೇರೆಯಾಗಿ ನಡೆಯುವುದೇಕೆಂಬ ಪ್ರಶ್ನೆಗೆ ಸಾಕಷ್ಟು ಉತ್ತರವು ದೊರೆಯುವುದಿಲ್ಲ.

೫. ಮಾತಿನ ಪ್ರಾಮಾಣ್ಯ

ಇಲ್ಲಿಂದ ಮುಂದಕ್ಕೆ ಎರಡನೆಯ ಕಷ್ಟವು, ಎಂದರೆ ಮಾತಿನ ಪ್ರಾಮಾಣ್ಯದ ಪ್ರಶ್ನೆಯು, ಮುಖ್ಯವಾಗುತ್ತದೆ. ಹೇಳುವವನು ಆಪ್ತನಾಗಿದ್ದರೆ ಅವನ ಶಬ್ದವು ಪ್ರಮಾಣವೆಂದು ಶಾಸ್ತ್ರವು ಹೇಳುತ್ತದೆ. ಈ ಕ್ಷೇತ್ರದ ಅನುಭವವು ಅದಕ್ಕೆ ಇನ್ನೊಂದು ಮಾತನ್ನು ಕೂಡಿಸುತ್ತದೆ: ಕೇಳುವವನೂ ಆಪ್ತನಾಗಿರಬೇಕು. ಪ್ರಶ್ನೆ ಕೇಳುವವನು ಯಾವ ವರ್ಣದವನೆಂಬುದಕ್ಕೆ ತಕ್ಕಂತೆ ಉತ್ತರವು ಮಾರ್ಪಡುವುದನ್ನು ಸಮೀಕ್ಷಕರು ಮತ್ತೆ ಮತ್ತೆ ಕಂಡಿದ್ದಾರೆ. 1984ರಲ್ಲಿ ಜೆಸ್ಸಿ ಜಾಕ್ಸನ್ ಅವರು ಅಧ್ಯಕ್ಷಪದವಿಗೆ ಉಮೇದುವಾರರಾಗಿ ನಿಂತ ವರ್ಷದಲ್ಲಿ, ಮಿಷಿಗನ್ ವಿಶ್ವವಿದ್ಯಾಲಯದ ಜೇಮ್ಸ್ ಜಾಕ್ಸನ್ ಅವರ ನೇತೃತ್ವದಲ್ಲಿ, ಕೃಷ್ಣವರ್ಣೀಯ ಮತದಾರರನ್ನೇ ಉದ್ದೇಶಿಸಿದ ರಾಷ್ಟ್ರೀಯ ಸಮೀಕ್ಷೆಯು ನಡೆಯಿತು. ಸಾಧಾರಣ ಸಮೀಕ್ಷೆಗಳಲ್ಲಿ ಈ ಜನರ ಸಂಖ್ಯೆಯು ಬಹಳ ಸ್ವಲ್ಪವಾಗಿ, ಅವರೆಲ್ಲರೂ ಒಂದೇ ಅಭಿಪ್ರಾಯದವರೆಂಬಂತೆ ಕಾಣುತ್ತಿದ್ದರು. ಈಗ ಅವರೊಳಗಿನ ಭೇದಗಳು ಎಣಿಕೆಗೆ ಸಿಕ್ಕಿದುವು. ಅದೇ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದ ಕ್ಯಾಥರೀನ್ ಟೇಟ್ ಅವರ 'ಫ್ರಮ್ ಪ್ರೊಟೆಸ್ಟ್ ಟು ಪಾಲಿಟಿಕ್ಸ್' (1993) ಈ ಸಾಮಗ್ರಿಯಿಂದ ಹುಟ್ಟಿದ ಗ್ರಂಥ.

ಮೈಕೇಲ್ ಡಾಸನ್ ಅವರ 'ಬಿಹೈಂಡ್ ದಿ ಮ್ಯೂಲ್' (1994) ಈ ಸಾಲಿನಲ್ಲಿ ಹೆಚ್ಚು ಪ್ರಭಾವಶಾಲಿಯಾದುದು. ವರಮಾನವು ಹೆಚ್ಚಿ ಮಧ್ಯಮವರ್ಗವು ಬೆಳೆದರೂ ಈ ಜನರು ರಾಜಕೀಯದಲ್ಲಿ ಒಟ್ಟಾಗಿಯೇ ಏಕಿರುವರೆಂಬುದು ಅವರ ಪ್ರಶ್ನೆ. ಅವರ ಉತ್ತರದ ತಿರುಳನ್ನು 'ಒಂದಕ್ಕೊಂದು ತೊಡರಿಕೊಂಡ ಹಣೆಬರಹ' ಎಂದು ಕನ್ನಡದಲ್ಲಿ ಹೇಳಬಹುದು. ಜನಾಂಗಕ್ಕೆ ಒದಗುವುದು ತನಗೂ ಒದಗುವುದೆಂದು ಬಹುಕಾಲದ ಅನುಭವದಿಂದ ಅರಿತವನು, ಪ್ರತಿಯೊಂದು ವಿಷಯದಲ್ಲಿಯೂ ತನ್ನ ಸ್ವಂತ ಲಾಭವನ್ನು ಬಿಡಿಬಿಡಿಯಾಗಿ ಲೆಕ್ಕಹಾಕುವ ಬದಲು ಜನಾಂಗದ ಹಿತವನ್ನೇ ಅಳತೆಯಾಗಿ ಹಿಡಿಯುತ್ತಾನೆ. ಔದಾಸೀನ್ಯ ಅವಿವೇಕಗಳ ಆರೋಪವು ಇಲ್ಲಿ ಪೂರ್ಣವಾಗಿ ತಿರುವುಮುರುವಾಗಿದೆ. ಆದರೆ ಇದರಲ್ಲಿಯೂ ಒಂದು ಕತ್ತಲೆಯ ಮೂಲೆಯುಂಟೆಂಬುದನ್ನು ಕ್ಯಾಥಿ ಕೋಹೆನ್ ಅವರ 'ದಿ ಬೌಂಡರೀಸ್ ಆಫ್ ಬ್ಲ್ಯಾಕ್‌ನೆಸ್' (1999) ತೋರಿಸಿಕೊಟ್ಟಿತು. ಏಡ್ಸ್ ರೋಗವು ಹಬ್ಬಿದಾಗ ರೋಗಪೀಡಿತರಾದ ಸಲಿಂಗಾನುರಾಗಿಗಳ ಮತ್ತು ಮಾದಕವ್ಯಸನಿಗಳ ಪರವಾಗಿ ಜನಾಂಗದ ಮುಖಂಡರೂ ಚರ್ಚುಗಳೂ ಮುಂದೆಬರಲು ಬಹಳ ಕಾಲ ಹಿಂಜರಿದುವು. ಯಾರ ಹಣೆಬರಹವನ್ನು ಎಲ್ಲರ ಹಣೆಬರಹವೆಂದು ಎಣಿಸುವುದೆಂಬುದನ್ನು ನಿರ್ಣಯಿಸುವವರು ಯಾರು? ಈ ಪ್ರಶ್ನೆಯನ್ನು ಕೇಳಿದುದರಿಂದ ಕೋಹೆನ್ ಅವರ ಗ್ರಂಥವು ಡಾಸನ್ ಅವರ ಗ್ರಂಥಕ್ಕೆ ಆವಶ್ಯಕವಾದ ಪೂರಕವಾಗಿದೆ. ಒಳಗಿನವನಾದಮಾತ್ರಕ್ಕೆ ಎಲ್ಲವೂ ಕಾಣುವುದಿಲ್ಲ.

೬. ಕ್ಷೌರದ ಅಂಗಡಿ

ಮಾತನ್ನು ಕೇಳುವ ಕಲೆಯಲ್ಲಿ ಇನ್ನೂ ಒಂದು ಹೆಜ್ಜೆಯನ್ನು ಮುಂದಿಟ್ಟ ಗ್ರಂಥವು ಮೆಲಿಸ್ಸ ಹ್ಯಾರಿಸ್-ಲೇಸ್‌ವೆಲ್ ಅವರ 'ಬಾರ್ಬರ್‌ಷಾಪ್ಸ್, ಬೈಬಲ್ಸ್ ಅಂಡ್ ಬಿಇಟಿ' (2004). ಇದರ ಮೂಲವು 1999ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯವು ಅವರಿಗೆ ಡಾಕ್ಟರೇಟನ್ನು ಕೊಟ್ಟ ಪ್ರಬಂಧ. ಪ್ರಶ್ನಾವಳಿಯು ಕೇಳಿದ್ದಕ್ಕೆ ಮಾತ್ರ ಉತ್ತರವನ್ನು ತರುತ್ತದೆ. ಜನರು ತಮ್ಮತಮ್ಮೊಳಗೆ ಮಾತನಾಡಿಕೊಳ್ಳುವಾಗ ಅಭಿಪ್ರಾಯವು ಹೇಗೆ ಹುಟ್ಟಿ ಬೆಳೆಯುತ್ತದೆಂಬುದನ್ನು ತರಲಾರದು. ಆದುದರಿಂದ ಗ್ರಂಥಕರ್ತೃವು ಕ್ಷೌರದ ಅಂಗಡಿ, ಚರ್ಚು, ಕೃಷ್ಣವರ್ಣೀಯರಿಗೆಂದೇ ಇರುವ ದೂರದರ್ಶನವಾಹಿನಿ, ಈ ಮೂರನ್ನೂ ರಾಜಕೀಯ ಚಿಂತನೆಯ ಸ್ಥಾನಗಳೆಂದು ಗ್ರಹಿಸಿ, ಸಮೀಕ್ಷೆ ಪ್ರಯೋಗಗಳ ಜೊತೆಗೆ ಪ್ರತ್ಯಕ್ಷ ಶ್ರವಣವನ್ನೂ ಸೇರಿಸಿರುವರು. ಅರಳಿಕಟ್ಟೆಯ ಮಾತನ್ನು ಬಲ್ಲ ಕನ್ನಡ ವಾಚಕರಿಗೆ ಈ ಯೋಜನೆಯ ಔಚಿತ್ಯವನ್ನು ವಿವರಿಸಬೇಕಾದುದಿಲ್ಲ.

ಷಿಕಾಗೋ ನಗರದ ದಕ್ಷಿಣಭಾಗದ ಅಂಗಡಿಯೊಂದನ್ನು ಕುರಿತ ಅಧ್ಯಾಯವು ಈ ಗ್ರಂಥದ ಉತ್ತಮಾಂಗ. ಅದನ್ನು ಗ್ರಂಥಕರ್ತೃವು ಕ್ವಿನ್ಸಿ ಮಿಲ್ಸ್ ಅವರೊಡನೆ ಕೂಡಿ ಬರೆದಿರುವರು. ಆಗ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಸಂಶೋಧನ ವಿದ್ಯಾರ್ಥಿಯಾಗಿದ್ದ ಮಿಲ್ಸ್ ಅವರು ಆ ಅಂಗಡಿಯಲ್ಲಿ ಕುಳಿತು ಅಲ್ಲಿಯ ಮಾತುಕತೆಯನ್ನು ಆಲಿಸಿದರು. ಗಂಡಸರ ಗೋಷ್ಠಿಯಾದ ಆ ಸ್ಥಳದಲ್ಲಿ ಸ್ತ್ರೀಯೊಬ್ಬರು ಕುಳಿತರೆ ಮಾತಿನ ಧಾಟಿಯೇ ಬದಲಾಗುವುದು ಸಹಜ. ಕೇಳುವವನು ಆಪ್ತನಾಗಿರಬೇಕೆಂಬ ನಿಯಮವು ಇಲ್ಲಿ ಕಾರ್ಯರೂಪಕ್ಕೆ ಬಂದಿದೆ. ಅಲ್ಲಿ ಕೇಳಿಬರುವ ಮಾತು ಉದಾಸೀನರ ಮಾತಲ್ಲ. ಹಾಸ್ಯವೂ ವಾದವೂ ಅನುಭವವೂ ಸಂಶಯವೂ ಕಲೆತು, ಒಬ್ಬನು ಆಡಿದುದನ್ನು ಇನ್ನೊಬ್ಬನು ತಿದ್ದಿ, ಮೂರನೆಯವನು ಅಲ್ಲಗಳೆದು, ಅಭಿಪ್ರಾಯವು ರೂಪುಗೊಳ್ಳುತ್ತದೆ. ಹೀಗೆ ಹುಟ್ಟಿದ ಚಿಂತನೆಯನ್ನು ಗ್ರಂಥಕರ್ತೃವು ರಾಷ್ಟ್ರವಾದ, ಸ್ತ್ರೀವಾದ, ಸಂಪ್ರದಾಯವಾದ, ಉದಾರವಾದ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ.

ಆಕ್ಷೇಪಣೆಗೆ ಅವಕಾಶವಿರುವುದೂ ಈ ವಿಂಗಡಣೆಯಲ್ಲಿಯೇ. ಅಂಗಡಿಯಲ್ಲಿ ಒಂದೇ ಗಳಿಗೆಯಲ್ಲಿ ಒಬ್ಬನೇ ಮನುಷ್ಯನು ಎರಡು ಮೂರು ವಾದಗಳನ್ನು ಬೆರಸಿ ಆಡುವನು. ಅವುಗಳನ್ನು ಪೆಟ್ಟಿಗೆಗಳಲ್ಲಿ ತುಂಬುವಾಗ ಕೇಳಿದ ಮಾತಿನ ಜೀವವು ಸ್ವಲ್ಪ ಸೋರಿಹೋಗುತ್ತದೆ. ಅಂಗಡಿಗೆ ಬಾರದವರ ಮಾತು ಎಲ್ಲಿಯದೆಂಬ ಪ್ರಶ್ನೆಯೂ ಉಳಿಯುತ್ತದೆ. ಇನ್ನು ಆ ಸ್ಥಳವೂ ಅನಾದಿಯಾದುದಲ್ಲ. ಮಿಲ್ಸ್ ಅವರೇ 2013ರಲ್ಲಿ ಪ್ರಕಟಿಸಿದ ಕ್ಷೌರಿಕರ ಚರಿತ್ರೆಯಲ್ಲಿ, ಹತ್ತೊಂಬತ್ತನೆಯ ಶತಮಾನದಲ್ಲಿ ಅನೇಕ ಕೃಷ್ಣವರ್ಣೀಯ ಕ್ಷೌರಿಕರು ಶ್ವೇತವರ್ಣೀಯರಿಗೆ ಮಾತ್ರ ಕ್ಷೌರಮಾಡುತ್ತಿದ್ದರೆಂದೂ, ಸ್ವಜನರ ಗೋಷ್ಠಿಸ್ಥಾನವಾಗಿ ಅಂಗಡಿಯು ಬೆಳೆದುದು ಕ್ರಮೇಣವೆಂದೂ ತೋರಿಸಿರುವರು. ಅಂಗಡಿಯಲ್ಲಿ ಕುಳಿತು ಕೇಳಿದ ವಿದ್ಯಾರ್ಥಿಯೇ ಆ ಕೇಳ್ಮೆಯ ಮಿತಿಯನ್ನು ಚರಿತ್ರೆಯಿಂದ ಸ್ಪಷ್ಟಪಡಿಸಿರುವುದು ಶ್ಲಾಘ್ಯವಾದುದು.

೭. ಆಕ್ಷೇಪ ಸಮಾಧಾನಗಳು

ಇಷ್ಟಾದಮೇಲೆ ಪ್ರತಿವಾದಿಯು ಹೀಗೆ ಆಕ್ಷೇಪಿಸಬಹುದು: ಮತಕೊಡದಿರುವುದು ಔದಾಸೀನ್ಯಕ್ಕೆ ಪ್ರಮಾಣವಲ್ಲವಾದರೆ ಔದಾಸೀನ್ಯವನ್ನು ಎಂದಿಗೂ ಸಾಧಿಸಲಾಗದು, ಕಾಣದುದನ್ನೆಲ್ಲ ಕತ್ತಲೆಯ ಮೇಲೆ ಹೊರಿಸುವುದು ಸಂಶೋಧನೆಯಲ್ಲ, ಪಕ್ಷಪಾತ. ಈ ಆಕ್ಷೇಪವು ತಳ್ಳಿಹಾಕತಕ್ಕುದಲ್ಲ. ಇದಕ್ಕೆ ಸಮಾಧಾನವು ಯೋಗ್ಯತೆಯ ನಿಯಮದಲ್ಲಿಯೇ ಇದೆ. ಬೆಳಕಿರುವೆಡೆಯಲ್ಲಿ ಕಾಣದಿದ್ದರೆ ಇಲ್ಲವೆಂದು ಹೇಳಲೇಬೇಕು. ಹಾಗೆ ಹೇಳಲು ಹಿಂಜರಿಯುವವನೂ ಪ್ರಮಾಣವನ್ನು ಕೆಡಿಸುವವನೇ. 2012ರ ಅಧ್ಯಕ್ಷಚುನಾವಣೆಯಲ್ಲಿ ಅರ್ಹರಾದ ಕೃಷ್ಣವರ್ಣೀಯರಲ್ಲಿ ನೂರಕ್ಕೆ ಸುಮಾರು 66 ಮಂದಿ ಮತಕೊಟ್ಟರೆಂದೂ, ಆ ಪ್ರಮಾಣವು ಶ್ವೇತವರ್ಣೀಯರದಕ್ಕಿಂತ ಮೇಲಾಗಿತ್ತೆಂದೂ ಅಲ್ಲಿಯ ಜನಗಣತಿ ಇಲಾಖೆಯು ಅಂದಾಜುಮಾಡಿತು. 2016ರಲ್ಲಿ ಅದು 60ಕ್ಕೂ ಸ್ವಲ್ಪ ಕೆಳಗಿಳಿಯಿತು. ನಡುವೆ, 2013ರಲ್ಲಿ, 1965ರ ಶಾಸನದ ಮುಖ್ಯವಾದ ಒಂದು ಕಲಮನ್ನು ಸರ್ವೋಚ್ಚ ನ್ಯಾಯಾಲಯವು ಅಸಿಂಧುಗೊಳಿಸಿತ್ತು. ಮೊದಲನೆಯ ಚುನಾವಣೆಯಲ್ಲಿ ಬರಾಕ್ ಒಬಾಮ ಅವರು ಉಮೇದುವಾರರಾಗಿದ್ದು ಎರಡನೆಯದರಲ್ಲಿ ಇರಲಿಲ್ಲವೆಂಬುದೂ ಉಂಟು. ಇಳಿತದಲ್ಲಿ ಕಾನೂನಿನ ಪಾಲೆಷ್ಟು, ಉತ್ಸಾಹದ ಪಾಲೆಷ್ಟು ಎಂಬುದನ್ನು ಜಿಲ್ಲೆಜಿಲ್ಲೆಯಾಗಿ ಬೇರ್ಪಡಿಸಿ ನೋಡಬೇಕೇ ಹೊರತು, ಒಂದೇ ಕಾರಣಕ್ಕೆ ಎಲ್ಲವನ್ನೂ ಕಟ್ಟಬಾರದು.

ಈ ಗ್ರಂಥಪರಂಪರೆಯನ್ನು ಒಟ್ಟಾಗಿ ನೋಡಿದರೆ ಡು ಬಾಯ್ಸ್ ಅವರಿಂದ ಸನ್ನಿವೇಶವೂ, ಬಂಚ್ ಅವರಿಂದ ಬಾಗಿಲು ಕಾಯುವವನ ಸಾಕ್ಷ್ಯವೂ, ವಾಲ್ಟನ್ ಅವರಿಂದ ಅಳತೆಗೋಲಿನ ಪರೀಕ್ಷೆಯೂ, ಡಾಸನ್ ಅವರಿಂದ ಒಟ್ಟುಗೂಡಿರುವಿಕೆಯ ಕಾರಣವೂ, ಕೋಹೆನ್ ಅವರಿಂದ ಆ ಒಟ್ಟಿನಿಂದ ಹೊರಗುಳಿದವರ ಅರಿವೂ, ಹ್ಯಾರಿಸ್-ಲೇಸ್‌ವೆಲ್ ಮತ್ತು ಮಿಲ್ಸ್ ಅವರಿಂದ ಆಲಿಸುವ ಕ್ರಮವೂ ಶಾಸ್ತ್ರಕ್ಕೆ ಲಭಿಸಿವೆ. ಒಂದರಲ್ಲಿ ಬಿಟ್ಟುಹೋದುದನ್ನು ಮತ್ತೊಂದು ತುಂಬಿರುವುದರಿಂದ ಇವುಗಳನ್ನು ಬಿಡಿಯಾಗಿ ಓದುವುದಕ್ಕಿಂತ ಕ್ರಮವಾಗಿ ಓದುವುದು ಮೇಲು. ಈ ವಿಷಯದಲ್ಲಿ ಹೊಸದಾಗಿ ಸಂಶೋಧನೆಗೆ ತೊಡಗುವ ವಿದ್ಯಾರ್ಥಿಯು, ಇಂಥದು ಈ ಜನರಲ್ಲಿ ಇಲ್ಲವೆಂದು ಬರೆಯುವ ಮೊದಲು, ಅದು ಇದ್ದಿದ್ದರೆ ತನ್ನ ಪ್ರಶ್ನಾವಳಿಗೆ ಕಾಣಿಸಿಕೊಳ್ಳುತ್ತಿತ್ತೇ ಎಂದು ಒಮ್ಮೆ ಪರೀಕ್ಷಿಸಬೇಕು. ಲೂಯಿಸಿಯಾನದ ಪಟ್ಟಿಯಿಂದ ಹೊರಬಿದ್ದ ಲಕ್ಷಾಂತರ ಜನರ ವಿಷಯದಲ್ಲಿ ಈ ಪರೀಕ್ಷೆಯನ್ನು ಮಾಡದೆಹೋದುದರಿಂದ ಶಾಸ್ತ್ರಕ್ಕೆ ಒಂದು ತಪ್ಪು ನಿರ್ಣಯವು ಸೇರಿತು. ಆ ಜನರಿಗಾದರೋ ಎರಡು ತಲೆಮಾರುಗಳ ಕಾಲ ಮತವೇ ಇಲ್ಲವಾಯಿತು.